ರೊಪ್ಪದ ನಡುವೆ

ಸದರ್‌ಲ್ಯಾಂಡಿನ ಗುಡ್ಡ. ಜುಲೈ. ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ.
ಗುಮ್ಮಟದ ಬಾಯಿ ತೆರೆದಿಟ್ಟಿದ್ದೇನೆ.
ಹೀಟರು ಹಚ್ಚುವ ಹಾಗಿಲ್ಲ,
ಬಿಸಿಗಾಳಿ ತಗುಲಿದರೆ ನಕ್ಷತ್ರ ನಡುಗುತ್ತದಂತೆ.
ಅದರ ಪಾಲಿನದೂ ನಾನೇ ನಡುಗುತ್ತೇನೆ.

ಲಿಂಡೆಲ್ವಾ, ಉಮ್ತಾತಾದ ಹುಡುಗಿ, ಎರಡು ಟೋಪಿ ಒಂದರ ಮೇಲೊಂದು,
ಮೂರು ಗಂಟೆ ಆಗಲೆಂದು ಕಾಯುತ್ತಿದ್ದಾಳೆ:
ಟುಕಾನ ಹಕ್ಕಿಯ ಪಕ್ಕದ ಆ ಗುಚ್ಛ
ಇನ್ನಷ್ಟು ಮೇಲೇರಬೇಕು.
ಬರಿಗಣ್ಣಿಗೆ ಅದು ಗಾಜಿನ ಮೇಲೆ ಬಿಟ್ಟ ಉಸಿರು.
ತೆರೆಯ ಮೇಲೆ ಚೆಲ್ಲಿದ ಮೆಕ್ಕೆಜೋಳದ ರವೆ,
ನಡುವೆ ಮಾತ್ರ ಅಂಬಲಿಯಂತೆ ಗಟ್ಟಿ,
ಕಾಳಿಂದ ಕಾಳು ಬಿಡಿಸಲಾಗದು.

"ಕಪ್ಪುಕುಳಿ ಇದ್ದರೂ ಕಾಣಿಸೋಲ್ಲ," ಅಂದಳು,
"ಸುತ್ತಲಿನವು ಓಡುವ ರೀತಿ ನೋಡಬೇಕು."

ನಗು ಬಂತು.
ನನ್ನಪ್ಪ ಹೆಂಡ್ರಿಕ್ ಯಾಂಕೀಸ್, ಬೇರೆಯವರ ಕುರಿ ಕಾದವನು.
ಐನೂರು ಮೆರಿನೊ, ಕಲ್ಲಿನ ರೊಪ್ಪ, ಅಮಾವಾಸ್ಯೆ.
ದೀಪ ಹಿಡಿಯುತ್ತಿರಲಿಲ್ಲ, ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದ.
ಗೊರಸಿನ ಸದ್ದು ಸುತ್ತುಗಟ್ಟಿದರೆ ಸಾಕು:
"ಮಖ್ರೀಟಾ, ನಡುವೆ ನರಿ."
ನರಿಯನ್ನು ಅವನು ಕಂಡದ್ದು ಕಡಿಮೆ.
ನರಿಯೇ ಇರಲಿಲ್ಲವೆಂದು ಬೆಳಕು ಹರಿದ ಮೇಲೆ ತಿಳಿದದ್ದೂ ಉಂಟು;
ಗಾಳಿ ತಂದೊಗೆದ ಒಂದು ತಗಡಿನ ಚೂರು,
ಅದರ ಸುತ್ತ ರಾತ್ರಿಯಿಡೀ ಗಿರಕಿ ಹೊಡೆದಿದ್ದವು ಐನೂರು ಪ್ರಾಣ.

ಅಂಬಲಿಯ ಅಂಚಿನಿಂದ ಒಂದೊಂದೇ ಚುಕ್ಕಿ ಹೆಕ್ಕಿದೆವು.
ಬೆಳಕು ಸೀಳಿ, ಗೆರೆ ಎಷ್ಟು ಸರಿಯಿತೆಂದು ಅಳೆದು,
ಸೆಕೆಂಡಿಗೆ ಹನ್ನೊಂದು ಕಿಲೋಮೀಟರು. ಹದಿಮೂರು. ಒಂಬತ್ತು.
ಮಂದೆಯ ನಡಿಗೆ, ಅಷ್ಟೆ.
ಐದು ಗಂಟೆಗೆ ಒಂದು: ಮೂವತ್ತೆಂಟು.
ಲಿಂಡೆಲ್ವಾ ಕುರ್ಚಿಯಿಂದ ಎದ್ದಳು. ಮತ್ತೆ ಕೂತಳು.
"ಜೋಡಿ ಇರಬಹುದು, ಒಂದರ ಸೊಂಟ ಒಂದು ಹಿಡಿದು ತಿರುಗುತ್ತಿರಬಹುದು.
ನಮ್ಮ ಅಳತೆಯೇ ತಪ್ಪಿರಬಹುದು.
ಅಥವಾ"
ಅಲ್ಲಿಗೆ ನಿಲ್ಲಿಸಿ ಚಹಾಕ್ಕೆ ನೀರಿಟ್ಟಳು.
ನೀರು ಕುದಿಯುವ ತನಕ ಇಬ್ಬರೂ
ಆ ಅಥವಾವನ್ನು ಮುಟ್ಟಲಿಲ್ಲ.

ಪೂರ್ವಕ್ಕೆ ಬೂದಿಬಣ್ಣ. ಗುಮ್ಮಟ ಮುಚ್ಚಿದೆ.
ದಾಖಲೆ ಪುಸ್ತಕ: ಗಾಳಿ, ತೇವ, ತೆರೆದ ಹೊತ್ತು, ಮುಚ್ಚಿದ ಹೊತ್ತು.
ಕೊನೆಯ ಖಾನೆ, ಷರಾ,
ಹತ್ತೊಂಬತ್ತು ವರ್ಷದಿಂದ ಖಾಲಿ ಬಿಡುತ್ತ ಬಂದಿದ್ದೇನೆ.
ಇವತ್ತು, ಬೆರಳಿಗೆ ಉಸಿರು ಊದಿಕೊಂಡು, ಬರೆದೆ:
ಒಂದು ಕುರಿ ಜೋರಾಗಿ ಓಡಿತು.
ಯಾಕೆಂದು ನಾಳೆಯೂ ನೋಡಬೇಕು.