ಅಂಚಿನ ಅಕ್ಷರ

ಮತ್ರಾ ಸೂಕಿನೊಳಗೆ ಜೇಠಾಭಾಯಿಯ ಬೆಳ್ಳಿಯಂಗಡಿ.
ನಾನು ತಕ್ಕಡಿಯವನು, ಅಂಕೋಲೆಯ ರಾಯ್ಕರ.
ಇಪ್ಪತ್ತಾರು ವರ್ಷದಿಂದ ಇದೇ ಸ್ಟೂಲು:
ಖಂಜರಿನ ಒರೆಯನ್ನು ಒರೆಗೆ ಹಚ್ಚುವುದು,
ಸವೆದ ಕಾಲ್ಗಡಗ, ದಪ್ಪ ರಾಣಿಯ ಮುಖದ ಹಳೇ ರಿಯಾಲು
ತೂಗಿ, ಚೀಟಿ ಬರೆದು, ಮೂಸೆಗೆ ಕಳಿಸುವುದು.

ನಡುವೆ ಒಮ್ಮೊಮ್ಮೆ ಪದಕ ಬರುತ್ತದೆ.
ತಂದವರಿಗೆ ಅದೂ ಬೆಳ್ಳಿಯೇ.
ರಿಬ್ಬನ್ನು ಯಾವಾಗಲೋ ಕೊಳೆತಿರುತ್ತದೆ,
ರಾಜನ ಕೆನ್ನೆ ಸವೆದಿರುತ್ತದೆ.
ನಾನು ಅಂಚು ನೋಡುತ್ತೇನೆ.
ಉಗುರು ಓಡಿಸಿದರೆ ಸಿಗುತ್ತದೆ
ನಂಬರು, ದರ್ಜೆ, ಪಲ್ಟಣ,
ಯಾವುದೋ ತಾಯಿ ಕೂಗಿ ಕರೆದ ಹೆಸರು
ಇಂಗ್ಲಿಷಿನ ಬಾಯಲ್ಲಿ ಸೊಟ್ಟಗಾಗಿ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರೆ,
ನಾನೂ ಬಿಟ್ಟವನಲ್ಲ.
ಆ ದಿನದ ದರಕ್ಕೆ ಸಂಬಳದಲ್ಲಿ ಮುರಿಸಿಕೊಂಡು
ನಿಡೋ ಡಬ್ಬಿಗೆ ಹಾಕುತ್ತೇನೆ.
ಬಸ್ರಾದಲ್ಲಿ ಏನೋ ಮಾಡಿದ ನಾಯಕ್ ಹಾಶಿಂ, ೧೧೪೨.
ಒಬ್ಬ ಹವಾಲ್ದಾರ, ಅವನನ್ನು ಯಾವಳೋ ಮರುಭೂಮಿಯ ಹೆಣ್ಣು
ಹವಳದ ನಡುವೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು,
ನೆತ್ತಿಯ ಮೇಲೆ ಇನ್ನೂ ಬೆಸುಗೆಯ ಗಂಟು.
ಇನ್ನೊಬ್ಬನ ಹೆಸರನ್ನೇ ಅರದಿಂದ ಉಜ್ಜಿದ್ದಾರೆ,
ಮಾರಿದವನ ನಾಚಿಕೆಯೋ, ಕದ್ದವನ ಹೆದರಿಕೆಯೋ.
ವಹಿಯಲ್ಲಿ ತೂಕ, ದರ, ತಾರೀಕು ಬರೆದಿದ್ದೇನೆ.
ಕೊನೆಯ ಅಂಕಣ, ‘ಏನು ಮಾಡಿದ’,
ಹದಿನೇಳು ಸಾಲಿಗೂ ಖಾಲಿ.

ಹೋದ ರಮ್ಜಾನಿಗೆ ಮುಂಚೆ ಒಬ್ಬ ಹುಡುಗ
ಅಮ್ಮನ ಗಡಗಗಳ ಜೊತೆ ಒಂದು ಶೌರ್ಯಪದಕ ಸುರುವಿದ.
ಕಲ್ಲಿಗೆ ಹಚ್ಚಿ ಆಸಿಡ್ಡು ಬಿಟ್ಟೆ.
ಹಸಿರು ನೊರೆ. ನಿಕಲ್ಲು.
ಜೇಠಾಭಾಯಿ ಕಸದ ತಟ್ಟೆಗೆ ಎಸೆದರು.
ಬಿಟ್ಟಿ ಸಿಕ್ಕಿದ್ದು ನನಗೆ ಅದೊಂದೇ.

ಹಬ್ಬ ಕಳೆದು ಹನ್ನೊಂದನೆಯ ದಿನ ಮುದುಕ ಬಂದ,
ಬಲೂಚಿ, ದಿಲ್‌ಮುರಾದ್.
ಎಡಗಾಲು ನೆಲಕ್ಕೆ ತುಸು ತಡವಾಗಿ ಬರುತ್ತಿತ್ತು.
ಡಬ್ಬಿ ತೆರೆದು ಕೊಟ್ಟೆ.
ಅವನು ಅಂಚು ಓದಲಿಲ್ಲ, ಮೂಸಿ ನೋಡಿದ.
ಕೇಳಬಾರದಿತ್ತು. ಇಪ್ಪತ್ತಾರು ವರ್ಷ ಯಾರನ್ನೂ ಕೇಳಿರಲಿಲ್ಲ.
ಏನು ಮಾಡಿದಿರಿ, ಚಾಚಾ?

ಚಹಾ ಆರುವವರೆಗೆ ಸುಮ್ಮನಿದ್ದ.

“ದೋಫಾರಿನ ಗುಡ್ಡ. ಖರೀಫಿನ ಮಂಜು.
ಮೈಯೆಲ್ಲ ಒದ್ದೆ, ನಾಲಿಗೆ ಮಾತ್ರ ಚರ್ಮ.
ಮೂರು ಸಲ ಗುಂಡಿನೊಳಗೆ ಹೋದೆ ಅಂತ ಕಾಗದದಲ್ಲಿದೆ.
ಹೋದದ್ದು ಒಂದು ಸಲ. ಅದೂ ನೀರಿನ ಕ್ಯಾನಿಗೆ.
ತೆವಳಿ ಹೋಗಿ ಹಿಡಿಕೆ ಹಿಡಿದು ಎಳೆದೆ. ಭಾರ.
ತುಂಬಿದೆ ಅಂತ ಖುಷಿಯಾಯಿತು, ಇನ್ನೂ ಎಳೆದೆ.
ಬಂಡೆಯ ಹಿಂದೆ ಬಂದು ನೋಡಿದರೆ
ಕ್ಯಾನು ತೂತಾಗಿ ಒಣಗಿದೆ,
ಅದರ ಇನ್ನೊಂದು ಕೊನೆಯನ್ನು ಅಪ್ಪಿಕೊಂಡು ಒಬ್ಬ ಹುಡುಗ,
ಬಾಯಿ ತುಂಬ ಮಣ್ಣು, ಉಸಿರಾಡುತ್ತಿದ್ದಾನೆ.
ಸಿಟ್ಟು ಬಂತು ಅವನ ಮೇಲೆ, ನೀರಿಲ್ಲವಲ್ಲ ಅಂತ.

ಈಗ ಗ್ವಾದರಿನಲ್ಲಿ ಅವನಿಗೆ ಎರಡು ದೋಣಿ.
ಪ್ರತಿ ಈದಿಗೆ ಫೋನು ಮಾಡಿ ಅಳುತ್ತಾನೆ.
ನಾನು ಹೇಳಿಲ್ಲ.”

ತೆಗೆದುಕೊಂಡು ಹೋಗಿ ಎಂದೆ.
ಎಷ್ಟು ತೂಗುತ್ತದೆ ಎಂದ.
ತಕ್ಕಡಿಗೆ ಇಟ್ಟು ತೋರಿಸಿದೆ: ಮೂವತ್ತಾರು ಗ್ರಾಂ.
“ಅಷ್ಟೇನಾ?” ನಕ್ಕ. “ಹುಡುಗ ಭಾರ ಇದ್ದ.”
ಮನೆಗೆ ಒಯ್ದರೆ ಮಗ ಮತ್ತೆ ಮಾರುತ್ತಾನೆ, ಇಲ್ಲೇ ಇರಲಿ
ಅಂತ ತಟ್ಟೆಯಲ್ಲೇ ಬಿಟ್ಟು
ಗಡಗಗಳಿಗೆ ಎಷ್ಟು ಕೊಟ್ಟಿರಿ ಎಂದು ವಿಚಾರಿಸಿದ.
ಕಡಿಮೆಯಾಯಿತು ಎಂದ. ಕಡಿಮೆಯೇ ಆಗಿತ್ತು.

ಹದಿನೆಂಟನೆಯ ಸಾಲು, ಕೊನೆಯ ಅಂಕಣ:
ನೀರಿಗೆ ಹೋಗಿದ್ದ.
ಉಳಿದವರನ್ನು ಹುಡುಕಿಕೊಂಡು ಯಾರೂ ಬಂದಿಲ್ಲ.
ಶಟರು ಎಳೆಯುವ ಮುಂಚೆ ಡಬ್ಬಿ ಒಮ್ಮೆ ಅಲ್ಲಾಡಿಸುತ್ತೇನೆ.
ಬೆಳ್ಳಿಯ ನಡುವೆ ನಿಕಲ್ಲಿನ ಸದ್ದು ಬೇರೆ,
ಕಸುಬಿನ ಕಿವಿಗೆ ಗೊತ್ತಾಗುತ್ತದೆ.