ಫ್ಯಾನಿಲ್ಲದ ಕಾರ್ಡು

ಎಸ್.ಪಿ. ರೋಡಿನ ಮಹಡಿ ಅಂಗಡಿ, ಏಣಿಯಂಥ ಮೆಟ್ಟಿಲು.
ಇಲಿಯಾಸ್ ಭಾಯಿ ಗಾಜಿನ ಮೇಲೆ ಮೂರು ಕಾರ್ಡು ಹರವಿ
"ಇದು ಕುದುರೆ ಮೇಡಂ, ಓಡತ್ತೆ" ಅಂದರು.
ಕುದುರೆ ಬೇಡ. ಲಗ್ನಪತ್ರಿಕೆ, ಗೃಹಪ್ರವೇಶ,
ಒಮ್ಮೊಮ್ಮೆ ಶ್ರದ್ಧಾಂಜಲಿ, ನನ್ನ ಕೆಲಸ ಅಷ್ಟೇ.
ಹನ್ನೊಂದು ವರ್ಷದ ಡಬ್ಬ; ಅದರ ಪವರ್ ಸಪ್ಲೈ
ಹೆಚ್ಚಿಗೆ ಬಡಿಸಲಾರದು.
ಕೈಲಿದ್ದದ್ದು ಎರಡು ಸಾವಿರದ ಮುನ್ನೂರು.
ಕೇಳಿದ್ದು ಒಂದೇ: ಸದ್ದು ಮಾಡಬಾರದು.

ಶ್ರೀರಾಮಪುರದಲ್ಲಿ ನಮಗಿರುವುದು ಒಂದು ಕೋಣೆ.
ರಾತ್ರಿ ಪಾಳಿ ಮುಗಿಸಿದ ನನ್ನ ಕಂಡಕ್ಟರು
ಹಗಲು ಕುರ್ಚಿಯ ಹಿಂದೆಯೇ ಮಲಗುತ್ತಾನೆ.
ಹಳೇ ಕಾರ್ಡಿನ ಫ್ಯಾನು ಮಧ್ಯಾಹ್ನವಿಡೀ
ಬೀಸುಕಲ್ಲು.

ಭಾಯಿ ಕೆಳಗಿನ ಖಾನೆಗೆ ಕೈಹಾಕಿ ತೆಗೆದರು:
ಫ್ಯಾನೇ ಇಲ್ಲ, ಬರೀ ಅಲ್ಯುಮಿನಿಯಂ ಪಕ್ಕೆಲುಬು,
ಯಾವುದೋ ಬ್ಯಾಂಕಿನಿಂದ ಕಳಚಿ ತಂದದ್ದು.
ಮೂಸಿ ನೋಡಿದೆ, ಸುಟ್ಟ ವಾಸನೆಯಿಲ್ಲ.
ಇನ್ನೂರು ಇಳಿಸಿದರು. ತಿಂಗಳ ಗ್ಯಾರಂಟಿ, ಬಾಯಿಮಾತಿನದು.

ಮಾರನೆಯ ಮಧ್ಯಾಹ್ನ ಸ್ಕ್ರೂ ಬಿಗಿದು ಗುಂಡಿ ಒತ್ತಿದೆ.
ಪರದೆ ಬೆಳಗಿತು. ಎಂಥ ನಿಶ್ಶಬ್ದವೆಂದರೆ
ಪಕ್ಕದ ಮನೆಯ ಸಾಸಿವೆ ಸಿಡಿದದ್ದು ಕೇಳಿತು.
ವಧುವಿನ ಹೆಸರಿಗೆ ಒತ್ತಕ್ಷರ ಕೂರಿಸುತ್ತಿದ್ದೆ,
ಹಿಂದೆ ಚಾಪೆ ಸರಿಯಿತು.
ಎದ್ದು ಕೂತು, ಕಣ್ಣು ಬಿಡದೆ, ಇಲ್ಲದ ಜೇಬು ತಡವುತ್ತ
"ಯಾಕೆ ನಿಂತಿತು?" ಅಂದ. "ಯಾವ ಸ್ಟಾಪು?"