ಎರಡೂವರೆ ಲೋಟ

ಮಮೇ ಹಣ್ಣು ಕೊಳ್ಳುವಾಗ
ತೊಟ್ಟಿನ ಪಕ್ಕ ಉಗುರಿನಿಂದ ಒಂಚೂರು ಕೆರೆಯಬೇಕು.
ಹಸಿರು ಕಂಡರೆ ವಾಪಸ್ಸು ಬುಟ್ಟಿಗೆ.
ಕೆಂಪು ಕಂಡರೆ, ಮುಖದಲ್ಲಿ ಏನನ್ನೂ ತೋರಿಸದೆ
ಚೌಕಾಸಿಗೆ ಇಳಿಯಬೇಕು.
ಇದು ಅತ್ತೆ ಕಲಿಸಿದ್ದು.
ಅವಳು ಕೆರೆದು ಬಿಟ್ಟ ಹಣ್ಣುಗಳನ್ನು ಸಾಲಾಗಿ ಇಟ್ಟರೆ
ಸಾಂತಿಯಾಗೊದ ಈ ಏರುಬೀದಿಯಿಂದ
ಕೆಳಗೆ ಬಂದರಿನವರೆಗೆ ಮುಟ್ಟೀತು.

ಸಪೋಟದ ದಾಯಾದಿ ಇದು,
ಆಸ್ತಿಯೆಲ್ಲ ಇದರ ಪಾಲಿಗೇ ಬಂದಂತಿದೆ.
ಹೊರಗೆ ಒರಟು, ಆಡುವ ಹುಡುಗರ ಮೊಣಕಾಲು;
ಸೀಳಿದರೆ ಒಳಗೆ
ಸಂಜೆ ಆರೂವರೆ.
ನಡುವೆ ಒಂದೇ ಬೀಜ, ಎಣ್ಣೆ ಹಚ್ಚಿ ಬಾಚಿದಷ್ಟು ಕಪ್ಪು.
ಯಾದಿರಾ ಅದನ್ನು ಒರೆಸಿ ಕಿಟಕಿಯಲ್ಲಿ ಮಲಗಿಸಿದಳು.
ಹೆಸರೂ ಇಟ್ಟಿರಬೇಕು;
ಟಾನ್ಸಿಲ್ ತೆಗೆಸಿ ನಾಲ್ಕು ದಿನ, ಮಾತಿಲ್ಲ.
ನುಂಗುವುದೆಲ್ಲ ತಣ್ಣಗಿರಬೇಕು, ನುಣ್ಣಗಿರಬೇಕು
ಎಂದಿದ್ದರು ಡಾಕ್ಟರು,
ಈ ಊರಿನಲ್ಲಿ ಅವೆರಡೂ ಸುಲಭವೆಂಬ ಹಾಗೆ.

ಮಿಕ್ಸಿಯನ್ನು ಮೈದುನ ರೇನಿಯೆರ್ ಹುಟ್ಟಿಸಿದ್ದು.
ಮೋಟಾರು ಯಾವುದೋ ಹಳೇ ಒಗೆಯುವ ಯಂತ್ರದ್ದು,
ಜಾರು ಮುರಿದುಬಿದ್ದ ಮದುವೆಯೊಂದರ ಉಡುಗೊರೆ,
ವಾಷರು ಹವಾಯಿ ಚಪ್ಪಲಿಯಿಂದ ಕತ್ತರಿಸಿದ್ದು.
ಮೊದಮೊದಲು ರಸ ಚಪ್ಪಲಿ ನಾರುತ್ತಿತ್ತು.
ಈಗ ಇಲ್ಲ,
ಅಥವಾ ನಮಗೆ ಗೊತ್ತಾಗುವುದಿಲ್ಲ.

ಹೋಳು. ತಣ್ಣೀರು. ಸಕ್ಕರೆ ಮೂರು ಚಮಚ,
ರೇಷನ್ನಿನದಾದ್ದರಿಂದ ಎರಡು.
ಚಿಟಿಕೆ ಉಪ್ಪು;
ಉಪ್ಪಿಲ್ಲದಿದ್ದರೆ ಸಿಹಿಗೆ ಒರಗಲು ಗೋಡೆಯಿಲ್ಲ.
ಹಾಲಿನ ಪುಡಿ ಕೊನೆಗೆ. ಕೆಳಮನೆಯ ಒಸ್ಮಾನಿ ಕೊಟ್ಟದ್ದು,
ಕಾಗದದಲ್ಲಿ ಮಡಚಿ, ಔಷಧಿಯ ಹಾಗೆ.
ಸ್ವಿಚ್ಚು ಒತ್ತಿದೆ.
ಗರ್ರ್
ಅಷ್ಟೆ.
ಬೀದಿಗೆ ಬೀದಿಯೇ ಉಸ್ಸೆಂದಿತು.

ಮೆಟ್ಟಿಲ ಮೇಲೆ ಕೂತೆವು, ರಟ್ಟು ಬೀಸಿಕೊಳ್ಳುತ್ತ.
ಎದುರಿಗೆ ಡಾಮಿನೊ ನಡೆದೇ ಇತ್ತು,
ಚುಕ್ಕಿಗಳನ್ನು ಬೆರಳಿನಿಂದ ಓದಿ ಓದಿ ಕಲ್ಲು ಕುಟ್ಟುತ್ತಿದ್ದರು.
ಎಂಟಕ್ಕೆ ಯಾದಿರಾ ನನ್ನ ಲಂಗ ಜಗ್ಗಿ
ಅಡುಗೆಮನೆಯತ್ತ ಬೆರಳು ಮಾಡಿದಳು.
ಒಂಬತ್ತಕ್ಕೂ.
ಹತ್ತಕ್ಕೆ ಮಾಡಲಿಲ್ಲ.

ರಾತ್ರಿ ಎರಡು ನಲವತ್ತು.
ಮನೆಯೊಳಗೆ ಯಾವುದೋ ಮೃಗ ಗುಟುರು ಹಾಕಿತು.
ಅತ್ತೆ ಎದೆಯ ಮೇಲೆ ಶಿಲುಬೆ ಗೀರಿಕೊಂಡಳು,
ರೇನಿಯೆರ್ ಕೈಗೆ ಸಿಕ್ಕ ಚಪ್ಪಲಿ ಹಿಡಿದು ನುಗ್ಗಿದ.
ಕಳ್ಳನಲ್ಲ, ಮಿಕ್ಸಿ!
ಸ್ವಿಚ್ಚು ಆರಿಸಲು ಮರೆತಿದ್ದೆ. ಮುಚ್ಚಳ ಹಾಕಲೂ.
ಯಾರೂ ಇಲ್ಲದ ಅಡುಗೆಮನೆಯಲ್ಲಿ ಅದು
ಅರ್ಧಕ್ಕೆ ನಿಂತ ಮಾತನ್ನು ಮುಂದುವರಿಸಿತ್ತು,
ಗೋಡೆಗೆ, ಸೂರಿಗೆ, ಕ್ಯಾಲೆಂಡರಿನ ಇಡೀ ಮೇ ತಿಂಗಳಿಗೆ
ಕೆಂಪು ಎರಚುತ್ತ.

ಬೀದಿಯಲ್ಲಿ "ಕರೆಂಟು ಬಂತು!" ಎಂಬ ಕೂಗು.
ಮೇಲ್ಮನೆಯ ಟೀವಿ ತಾನೇ ಮಾತಾಡತೊಡಗಿತು,
ಪಂಪು ಕೆಮ್ಮಿತು,
ಯಾರೋ ಈ ಹೊತ್ತಿನಲ್ಲಿ ಇಸ್ತ್ರಿ ಕಾಯಲಿಟ್ಟರು.
ನಾನು ಬೆರಳಿನಿಂದ ಗೋಡೆ ಮುಟ್ಟಿ ನೆಕ್ಕಿ ನೋಡಿದೆ.
ಹುಳಿಯಾಗಿರಲಿಲ್ಲ.

ಹಾಲಿನ ಪುಡಿ ಸುರಿದು ಮತ್ತೆ ತಿರುಗಿಸಿದೆ,
ಈ ಸಲ ಎರಡೂ ಕೈಯಿಂದ ಮುಚ್ಚಳ ಅದುಮಿ.
ಬಂದದ್ದು ಎರಡೂವರೆ ಲೋಟ.
ಯಾದಿರಾಗೆ ಒಂದು ತುಂಬಾ.
ಅವಳು ಸೂರಿನತ್ತ ನೋಡಿ, ನನ್ನತ್ತ ನೋಡಿ,
ನಗಲು ಹೋಗಿ ನೋವಾಗಿ
ಗಂಟಲು ಹಿಡಿದುಕೊಂಡೇ ನಕ್ಕಳು, ಸದ್ದಿಲ್ಲದೆ,
ಮೂಗಿನ ತುದಿಗೆ ನೊರೆ.
ಒಂದನ್ನು ಒಸ್ಮಾನಿಯ ಬಾಗಿಲಿಗೆ ಕೊಟ್ಟುಬಂದೆ.
ಉಳಿದರ್ಧವನ್ನು ಮೂವರೂ ನಿಂತೇ ಕುಡಿದೆವು,
ಒಂದೊಂದು ಗುಟುಕಿಗೆ ಲೋಟ ಕೈ ಬದಲಿಸುತ್ತ.

ಮೂರೂ ಹತ್ತಕ್ಕೆ ಮತ್ತೆ ಕತ್ತಲು.
ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಯೋಚಿಸಿದೆ:
ಸ್ವಿಚ್ಚು ಆರಿಸಿದೆನೆ?
ಏಳಲಿಲ್ಲ.